ನಂದಿಯ ನದಿಗಳು, ಕಡಲಿನ ಕಸ

ತೀರದ ಸಮುದ್ರದಲ್ಲಿ ತೇಲುವ ಪ್ಲಾಸ್ಟಿಕ್ಕನ್ನು ಅಳೆಯಲು ಹಿಂದಿನಿಂದ ಇರುವ ಉಪಾಯ ಬಲೆ. ಸುಮಾರು 0.3 ಮಿ.ಮೀ. ಕಣ್ಣಿನ ಬಲೆಯನ್ನು ದೋಣಿಯ ಪಕ್ಕದಲ್ಲಿ ನೀರಿನ ಮೇಲ್ಪದರದ ಮೇಲೆ ಎಳೆದು, ಸಿಕ್ಕಿದ್ದನ್ನು ಸೋಸಿ ಎಣಿಸುತ್ತಾರೆ. 5 ಮಿ.ಮೀ.ಗಿಂತ ಚಿಕ್ಕ ಚೂರುಗಳು ಮೈಕ್ರೋಪ್ಲಾಸ್ಟಿಕ್ ಲೆಕ್ಕಕ್ಕೆ ಸೇರುತ್ತವೆ. ಈ ಎಣಿಕೆ ನಂಬುವಂಥದ್ದು, ಆದರೆ ಬಲೆ ಹಾದುಹೋದಷ್ಟೇ ಅಗಲಕ್ಕೆ.

ದೊಡ್ಡ ಹರವನ್ನು ನೋಡಲು ಉಪಗ್ರಹ ಬೇಕು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಸುಮಾರು 5 ದಿನಕ್ಕೊಮ್ಮೆ ಅದೇ ತೀರದ ಚಿತ್ರ ತೆಗೆಯುತ್ತವೆ. ಅವಕೆಂಪು ಕಿರಣಗಳನ್ನು ನೀರು ಹೀರಿಕೊಳ್ಳುತ್ತದೆ, ಮೇಲೆ ತೇಲುವ ವಸ್ತು ಹಿಂದಕ್ಕೆ ಚಿಮ್ಮಿಸುತ್ತದೆ. ಈ ವ್ಯತ್ಯಾಸವನ್ನೇ ಹಿಡಿದು ಕಸದ ರಾಶಿಯನ್ನು ಗುರುತಿಸುವ ಸೂಚ್ಯಂಕವೊಂದು 2020ರಲ್ಲಿ ಪ್ರಕಟವಾಯಿತು. ತೊಡಕೆಂದರೆ, ಚಿತ್ರದ ಒಂದು ಚುಕ್ಕೆ 10 ಮೀಟರ್ ಅಗಲದ್ದು. ಬಿಡಿ ಬಾಟಲಿ ಅದರಲ್ಲಿ ಕಾಣುವುದಿಲ್ಲ. ನೊರೆ, ಪಾಚಿ, ಮರದ ತುಂಡುಗಳೂ ದಾರಿ ತಪ್ಪಿಸುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ನದಿಗಳು ಕಸ ಹೊತ್ತು ತರುವ ಮಳೆಗಾಲದಲ್ಲೇ ಮೋಡ ಕವಿದು ಉಪಗ್ರಹದ ಕಣ್ಣು ಕಟ್ಟುತ್ತದೆ.

ಹಾಗಾಗಿ ಲೆಕ್ಕ ಹರಿವಿನ ಮೇಲ್ಗಡೆಯೇ, ನದಿಯಲ್ಲೇ ಶುರುವಾಗಬೇಕು. ಕಡಲಿಲ್ಲದ ಚಿಕ್ಕಬಳ್ಳಾಪುರ ಜಿಲ್ಲೆ ಈ ವಿಷಯದೊಳಗೆ ಬರುವುದು ಇಲ್ಲಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರಿನ ಮೂಲಕ ಆಂಧ್ರಕ್ಕೆ ದಾಟಿ ನೆಲ್ಲೂರು ಜಿಲ್ಲೆಯಲ್ಲಿ ಬಂಗಾಳ ಕೊಲ್ಲಿಗೆ ಸೇರುತ್ತದೆ. ಚಿತ್ರಾವತಿ, ಪಾಪಾಗ್ನಿಗಳು ಅದರ ಉಪನದಿಗಳು. ದಕ್ಷಿಣ ಪಿನಾಕಿನಿ ಬೆಂಗಳೂರಿನ ಪೂರ್ವದ ಅಂಚು ಸವರಿ, ನಗರದ ಕೊಳಚೆಯನ್ನೂ ಕೂಡಿಸಿಕೊಂಡು ತಮಿಳುನಾಡಿನ ಕಡಲೂರಿನತ್ತ ಹೋಗುತ್ತದೆ.

ಆದರೆ ಇವು ವರ್ಷದ ಬಹುಕಾಲ ಒಣಗಿರುವ ಹೊಳೆಗಳು. ಚಿಂತಾಮಣಿ, ಶಿಡ್ಲಘಟ್ಟದಂಥ ಊರುಗಳ ಚರಂಡಿ ಸೇರಿದ ಕವರು, ತರಕಾರಿ ಹೊಲದ ಹರಿದ ಮಲ್ಚಿಂಗ್ ಶೀಟು ಕಾಲುವೆ, ಕೆರೆಯಂಗಳಗಳಲ್ಲಿ ಬಿದ್ದುಕೊಂಡು ಬಿಸಿಲಿಗೆ ಪುಡಿಪುಡಿಯಾಗುತ್ತವೆ. 2021ರ ನವೆಂಬರಿನಂಥ ಮಳೆ ಬಂದು ಕೆರೆಗಳು ಕೋಡಿ ಹರಿದಾಗ ವರ್ಷಗಟ್ಟಲೆ ಕೂಡಿದ್ದು ಒಮ್ಮೆಲೇ ಹೊರಡುತ್ತದೆ. ಅದೂ ಅಷ್ಟೂ ಕಡಲು ಮುಟ್ಟುವುದಿಲ್ಲ. ಸೋಮಶಿಲೆಯಂಥ ಜಲಾಶಯಗಳಲ್ಲಿ ಒಂದು ಪಾಲು ತಂಗುತ್ತದೆ. ಮೈಕ್ರೋಪ್ಲಾಸ್ಟಿಕ್ಕಿನ ಜಾಡನ್ನು ನದಿಯುದ್ದಕ್ಕೂ ಹಿಡಿಯುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ: ಮಣಿಪಾಲದ ಸಂಶೋಧಕರು ನೇತ್ರಾವತಿಯ ನೀರು, ಹೂಳು, ಮಣ್ಣು ಮೂರನ್ನೂ ಪರೀಕ್ಷಿಸಿ 2020ರಲ್ಲಿ ವರದಿ ಪ್ರಕಟಿಸಿದ್ದಾರೆ.

ಬಯಲುಸೀಮೆಯ ಹೊಳೆಗೆ ವಿಧಾನ ಕೊಂಚ ಬೇರೆ ಇರಬೇಕಾಗುತ್ತದೆ. ಸೇತುವೆಯ ಮೇಲೆ ನಿಂತು, ಗೊತ್ತಾದ ಅಗಲದಲ್ಲಿ ಗೊತ್ತಾದ ನಿಮಿಷ ತೇಲಿಹೋಗುವುದನ್ನು ಎಣಿಸುವುದು ಅಗ್ಗದ ಕ್ರಮ. ಕ್ಯಾಮೆರಾ ಇಟ್ಟರೆ ರಾತ್ರಿಯ ಪ್ರವಾಹವೊಂದನ್ನು ಬಿಟ್ಟು ಉಳಿದದ್ದು ಸಿಗುತ್ತದೆ. ತಿಂಗಳಿಗೊಂದು ದಿನ ಗೊತ್ತುಮಾಡಿ ಎಣಿಸಿದರೆ ಇಲ್ಲಿ ಹೆಚ್ಚಿನ ತಿಂಗಳು ಸೊನ್ನೆಯೇ ಬಂದೀತು. ಎಣಿಸಬೇಕಾದ್ದು ಕೋಡಿ ಬಿದ್ದ ಮೊದಲ ಗಂಟೆಗಳಲ್ಲಿ, ಮತ್ತು ನೀರಿಳಿದ ಮೇಲೆ ದಡದ ಜಾಲಿಮುಳ್ಳಿಗೆ ಸಿಕ್ಕಿ ಉಳಿದದ್ದನ್ನು.