ತಾಂತ್ರಿಕ ಸಲಹೆ: ಉಚಿತವಾಗಿ ಎಷ್ಟು, ಶುಲ್ಕಕ್ಕೆ ಎಷ್ಟು?

ಯಂತ್ರೋಪಕರಣವನ್ನಾಗಲಿ ತಂತ್ರಾಂಶವನ್ನಾಗಲಿ ಮಾರುವ ವರ್ತಕರು ದಿನವೂ ಹತ್ತಾರು ತಾಂತ್ರಿಕ ಪ್ರಶ್ನೆಗಳಿಗೆ ಉತ್ತರಿಸಬೇಕಾಗುತ್ತದೆ. ವಾರಂಟಿ ಮುಗಿದವರೂ ಕೇಳುತ್ತಾರೆ, ಬೇರೆಡೆ ಖರೀದಿಸಿದವರೂ ಕೇಳುತ್ತಾರೆ. ಇದಕ್ಕೆ ವ್ಯಯವಾಗುವ ತಂತ್ರಜ್ಞರ ವೇಳೆ ಯಾವ ಖಾತೆಯಲ್ಲಿಯೂ ನಮೂದಾಗುವುದಿಲ್ಲ. ಅಂತರಜಾಲದ ಪ್ರಶ್ನೋತ್ತರ ತಾಣಗಳ ಮೂಲಕ ಈ ಜ್ಞಾನವನ್ನು ಆದಾಯವಾಗಿಸಬಹುದೇ ಎಂಬ ಆಲೋಚನೆ ಸಹಜವೇ.

ಬಿಡಿ ಉತ್ತರಗಳನ್ನು ಮಾರುವ ಪ್ರಯೋಗವನ್ನು ಗೂಗಲ್ ಸಂಸ್ಥೆಯೇ ನಡೆಸಿತ್ತು. 2002ರ ಏಪ್ರಿಲ್‌ನಲ್ಲಿ ಆರಂಭವಾದ ‘ಗೂಗಲ್ ಆನ್ಸರ್ಸ್’ ಸೇವೆಯಲ್ಲಿ ಪ್ರಶ್ನೆ ಕೇಳುವವರೇ 2ರಿಂದ 200 ಡಾಲರ್‌ವರೆಗೆ ಬೆಲೆ ನಿಗದಿಪಡಿಸುತ್ತಿದ್ದರು. ಉತ್ತರಿಸಿದವರಿಗೆ ಅದರ ಶೇ. 75 ಭಾಗ ಸಲ್ಲುತ್ತಿತ್ತು. 2006ರ ಅಂತ್ಯಕ್ಕೆ ಹೊಸ ಪ್ರಶ್ನೆಗಳ ಸ್ವೀಕಾರ ನಿಂತುಹೋಯಿತು. ಕೇಳುವವನಿಗೆ ಕೆಲಸದ ಕಷ್ಟ ತಿಳಿಯದು. ಐದು ಡಾಲರಿನ ಪ್ರಶ್ನೆ ಮೂರು ಗಂಟೆ ನುಂಗಬಹುದು. ಒಮ್ಮೆ ಪ್ರಕಟವಾದ ಉತ್ತರವನ್ನು ಎಲ್ಲರೂ ಪುಕ್ಕಟೆ ಓದಬಹುದಾಗಿತ್ತು. 2005ರ ಡಿಸೆಂಬರ್‌ನಲ್ಲಿ ಯಾಹೂ ಉಚಿತ ಪ್ರಶ್ನೋತ್ತರ ಸೇವೆಯನ್ನೇ ತೆರೆದಿತ್ತು. 2008ರಲ್ಲಿ ಬಂದ ‘ಸ್ಟ್ಯಾಕ್ ಓವರ್‌ಫ್ಲೋ’ದಲ್ಲಿಯೂ ತಂತ್ರಾಂಶ ಪರಿಣತರು ಶುಲ್ಕವಿಲ್ಲದೆ ಉತ್ತರಿಸತೊಡಗಿದರು.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ಅಮೆರಿಕದ ಸಿಗ್ನಸ್ ಸಂಸ್ಥೆಯದು. 1989ರಲ್ಲಿ ಮೈಕೆಲ್ ಟೀಮನ್, ಜಾನ್ ಗಿಲ್ಮೋರ್ ಮತ್ತು ಡೇವಿಡ್ ಹೆಂಕೆಲ್-ವಾಲೆಸ್ ಸ್ಥಾಪಿಸಿದ ಈ ಸಂಸ್ಥೆಯು, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾಗಿದ್ದ ತಂತ್ರಾಂಶಕ್ಕೆ ಒಪ್ಪಂದದ ಮೇಲೆ ನೆರವು ನೀಡಿ ಬೆಳೆಯಿತು. 1999ರಲ್ಲಿ ಅದನ್ನು ಕೊಳ್ಳಲು ಮುಂದಾದ ರೆಡ್ ಹ್ಯಾಟ್‌ನದೂ ಇದೇ ಮಾರ್ಗ. ಆ ರೆಡ್ ಹ್ಯಾಟ್‌ಗಾಗಿ ಐಬಿಎಂ 2019ರಲ್ಲಿ ಸುಮಾರು 34 ಶತಕೋಟಿ ಡಾಲರ್ ತೆತ್ತಿತು. ಗ್ರಾಹಕರು ಹಣ ಕೊಟ್ಟದ್ದು ಮಾಹಿತಿಗಲ್ಲ, ಹೊಣೆಗಾರಿಕೆಗೆ.

ನಮ್ಮ ಸಣ್ಣ ಉದ್ಯಮಗಳಿಗೂ ಈ ಗೆರೆ ಉಪಯುಕ್ತ. ಪಿಎಲ್‌ಸಿಯ ಒಂದು ದೋಷಸಂಕೇತದ ಅರ್ಥ ಎಲ್ಲರಿಗೂ ಒಂದೇ. ಅದನ್ನು ತಾಣದಲ್ಲಿ ಧಾರಾಳವಾಗಿ ತಿಳಿಸಿರಿ. ಆದರೆ ರಾತ್ರಿ ಪಾಳಿಯಲ್ಲಿ ನಿಂತ ಯಂತ್ರ ಬೆಳಗಾಗುವುದರೊಳಗೆ ಚಾಲನೆಗೊಳ್ಳಬೇಕಾದರೆ ಅದು ಒಪ್ಪಂದದ ಕೆಲಸ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ ಸ್ಟ್ಯಾಕ್ ಓವರ್‌ಫ್ಲೋಗೆ ಬರುವ ಪ್ರಶ್ನೆಗಳೇ ಗಣನೀಯವಾಗಿ ಕುಸಿದಿವೆ. ಸಾಮಾನ್ಯ ಉತ್ತರಕ್ಕೆ ಬೆಲೆ ಕಟ್ಟಲು ಹೊರಡುವವರು ಇದನ್ನು ಗಮನಿಸುವುದು ಒಳಿತು.

ತಾಣಗಳಲ್ಲಿ ಉತ್ತರಿಸುವಾಗ ತಮ್ಮ ಸಂಸ್ಥೆಯ ಹೆಸರನ್ನು ಮರೆಮಾಚಬಾರದು. ಸ್ವಂತ ಸರಕನ್ನು ಸೂಚಿಸುವವರು ಅದರೊಡನೆ ತಮಗಿರುವ ಸಂಬಂಧವನ್ನು ತಿಳಿಸಲೇಬೇಕೆಂಬುದು ಸ್ಟ್ಯಾಕ್ ಓವರ್‌ಫ್ಲೋದ ನಿಯಮ. ಗ್ರಾಹಕರ ನಕ್ಷೆ, ಗುಪ್ತಪದಗಳು ಸಾರ್ವಜನಿಕ ಪುಟಕ್ಕೆ ಬರಲೇಕೂಡದು. ಹಾಗೆ ಬಂದುದನ್ನು ಅಳಿಸಿದರೂ ಪ್ರತಿಗಳು ಉಳಿದಿರುತ್ತವೆ.

ಒಪ್ಪಂದಪತ್ರದಲ್ಲಿ ಮೊದಲ ಸ್ಪಂದನೆಯ ಅವಧಿ, ಕೆಲಸದ ವ್ಯಾಪ್ತಿ, ರಜಾದಿನಗಳ ದರ ಮತ್ತು ಮುಂಗಡ ಸ್ಪಷ್ಟವಾಗಿರಲಿ. ದುರಸ್ತಿಯ ಖಾತರಿಗಿಂತ ಪ್ರಯತ್ನದ ಅವಧಿಗೆ ಶುಲ್ಕ ವಿಧಿಸುವುದೇ ಕ್ಷೇಮವೆಂಬುದು ಈ ಲೇಖಕನ ಅಭಿಪ್ರಾಯ. ದೂರದಿಂದ ನೋಡುವ ಯಂತ್ರದ ಸ್ಥಿತಿ ಪೂರ್ತಿ ತಿಳಿಯುವುದಿಲ್ಲ. ಕೇವಲ ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ವಿದೇಶಿ ಗ್ರಾಹಕರಿಂದ ವಿದೇಶಿ ವಿನಿಮಯದಲ್ಲಿ ಹಣ ಬರುವ ಸೇವೆಯು ನಿಯಮಾನುಸಾರ ರಫ್ತೆನಿಸುತ್ತದೆ. ನೋಂದಾಯಿತರು ಎಲ್‌ಯುಟಿ ಸಲ್ಲಿಸಿ ತೆರಿಗೆ ಪಾವತಿಸದೆಯೇ ಬಿಲ್ಲು ನೀಡಬಹುದು. ಹಣ ಜಮೆಯಾದ ಬಗ್ಗೆ ಬ್ಯಾಂಕಿನಿಂದ ಪ್ರಮಾಣಪತ್ರ ಪಡೆದು ಕಡತದಲ್ಲಿಡತಕ್ಕದ್ದು.