ಫೋಮಿನ ಬೆಂಕಿಗೆ ಮೇಲ್ಮೈಯಲ್ಲೇ ಕಾವಲು

ನಂಜನಗೂಡಿನ ರಸಬಾಳೆಯಾಗಲಿ, ತಿ. ನರಸೀಪುರದ ಹೊಳೆಬಯಲಿನ ತರಕಾರಿಯಾಗಲಿ, ಕೊಯ್ದ ಮೇಲೆ ಎಷ್ಟು ದಿನ ಕೆಡದೆ ಉಳಿಯುತ್ತದೆ ಎಂಬುದು ಬಹುಮಟ್ಟಿಗೆ ಅದಕ್ಕೆ ಸಿಗುವ ತಂಪನ್ನು ಅವಲಂಬಿಸಿದೆ. ಬಾಳೆ ಮಾಗಿಸುವ ಕೊಠಡಿ, ಕೋಲ್ಡ್ ಸ್ಟೋರೇಜ್, ಔಷಧ ಮತ್ತು ಆಹಾರ ಕಾರ್ಖಾನೆಗಳ ಶೀತಲಕೋಣೆ, ಇವುಗಳನ್ನೆಲ್ಲ ಇಂದು ಸಾಮಾನ್ಯವಾಗಿ ಕಟ್ಟುವುದು ಪಫ್ ಪ್ಯಾನೆಲ್‌ಗಳಿಂದ. ಎರಡು ತಗಡುಗಳ ನಡುವೆ ಗಟ್ಟಿ ಪಾಲಿಯುರೆಥೇನ್ ಫೋಮ್ ತುಂಬಿದ ಹಲಗೆಗಳಿವು. ಮನೆಯ ಫ್ರಿಜ್ಜಿನ ಗೋಡೆಯೊಳಗೂ ಇರುವುದು ಇದೇ ಫೋಮ್. ಜರ್ಮನಿಯ ಆಟೊ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ಪಾಲಿಯುರೆಥೇನ್ ರಸಾಯನಕ್ಕೆ ದಾರಿ ತೆರೆದ ಮೇಲೆ, ತಂಪು ಕಾಯುವ ಕೆಲಸದಲ್ಲಿ ಇದಕ್ಕೆ ಸರಿಸಾಟಿಯಾದ ಅಗ್ಗದ ವಸ್ತು ಸುಲಭವಾಗಿ ಸಿಕ್ಕಿಲ್ಲ. ಆದರೆ ಇದು ಉರಿಯುವ ವಸ್ತು. ಉರಿ ಹತ್ತುವುದು ಮೇಲ್ಮೈಯಲ್ಲಿ. ಹಾಗಾಗಿ ರಕ್ಷಣೆಗೆಂದು ತೆಗೆದಿಟ್ಟ ಹಣವೂ ಮೊದಲು ಮೇಲ್ಮೈಗೇ ಸಲ್ಲಬೇಕು ಎಂಬುದು ಈ ಲೇಖನದ ವಾದ.

ಈ ಮಾತಿಗೆ ಆಧಾರ ಫೋಮಿನ ಗುಣದಲ್ಲೇ ಇದೆ. ಒಂದು ಘನ ಮೀಟರ್ ಫೋಮಿನ ತೂಕ ಸುಮಾರು 40 ಕಿಲೊ ಮಾತ್ರ. ಅದರ ಗಾತ್ರದಲ್ಲಿ ಶೇ 95ಕ್ಕೂ ಹೆಚ್ಚು ಪಾಲು ಮುಚ್ಚಿದ ಗುಳ್ಳೆಗಳೊಳಗಿನ ಅನಿಲ. ಶಾಖವನ್ನು ಅದು ಇಟ್ಟಿಗೆಗಿಂತ ಇಪ್ಪತ್ತೈದು ಪಟ್ಟಿನಷ್ಟು ಕಡಿಮೆ ಸಾಗಿಸುತ್ತದೆ. ಹೊರಗಿನ ಸೆಕೆಯನ್ನು ತಡೆಯುವಾಗ ವರವಾಗುವ ಈ ಗುಣ ಬೆಂಕಿ ತಾಗಿದಾಗ ಶಾಪವಾಗುತ್ತದೆ. ಮರದ ಹಲಗೆಗೆ ಜ್ವಾಲೆ ಹಿಡಿದರೆ ಶಾಖದ ಒಂದಷ್ಟು ಭಾಗ ಒಳಕ್ಕೆ ಇಳಿಯುತ್ತದೆ, ಮೇಲ್ಪದರ ನಿಧಾನವಾಗಿ ಕಾಯುತ್ತದೆ. ಫೋಮಿನಲ್ಲಿ ಶಾಖ ಒಳಗೆ ಇಳಿಯುವುದಿಲ್ಲ, ಅದನ್ನು ಹೀರಿಕೊಳ್ಳುವಷ್ಟು ದ್ರವ್ಯವೂ ಅಲ್ಲಿಲ್ಲ. ಅಷ್ಟೂ ಶಾಖ ತೆಳು ಮೇಲ್ಪದರದಲ್ಲೇ ನಿಂತು, ಕೆಲವೇ ಸೆಕೆಂಡುಗಳಲ್ಲಿ ಅದು ಹೊತ್ತಿಕೊಳ್ಳುತ್ತದೆ. ಉರಿಯಲು ಈ ಫೋಮಿಗೆ ಶೇ 19ರ ಆಸುಪಾಸಿನ ಆಮ್ಲಜನಕ ಸಾಕು. ಗಾಳಿಯಲ್ಲಿ ಇರುವುದು ಶೇ 21. ಮೇಲಾಗಿ, ಇದರಲ್ಲಿ ಸಾರಜನಕವಿರುವುದರಿಂದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜತೆಗೆ ಹೈಡ್ರೋಜನ್ ಸಯನೈಡ್ ಕೂಡ ಬರುತ್ತದೆ. ಜ್ವಾಲೆ ತಲುಪುವ ಮುನ್ನವೇ ಈ ಹೊಗೆ ಜೀವ ತೆಗೆಯಬಲ್ಲದು.

ಇದಕ್ಕೆ ಉತ್ತರವಾಗಿ ಬಂದಿರುವುದು ಉಬ್ಬುವ ಲೇಪನ. ನೋಡಲು ಸಾಮಾನ್ಯ ಬಣ್ಣದಂತಿರುವ ಇದರಲ್ಲಿ ಮುಖ್ಯವಾಗಿ ಮೂರು ಪದಾರ್ಥಗಳಿರುತ್ತವೆ: ಅಮೋನಿಯಂ ಪಾಲಿಫಾಸ್ಫೇಟ್, ಪೆಂಟಾಎರಿಥ್ರಿಟಾಲ್, ಮೆಲಮೈನ್. ಬಿಸಿ ಏರಿದಂತೆ ಮೊದಲನೆಯದು ಒಡೆದು ಆಮ್ಲವಾಗುತ್ತದೆ. ಆ ಆಮ್ಲ ಎರಡನೆಯದರಿಂದ ನೀರಿನಂಶ ಕಿತ್ತು ಅದನ್ನು ಇದ್ದಿಲಾಗಿಸುತ್ತದೆ. ಮೂರನೆಯದು ಅನಿಲ ಬಿಟ್ಟು, ಇನ್ನೂ ಮೆತ್ತಗಿರುವ ಇದ್ದಿಲನ್ನು ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿಸುತ್ತದೆ. ಒಂದು ಮಿಲಿಮೀಟರಿನ ಲೇಪನ ಹತ್ತಾರು ಪಟ್ಟು ದಪ್ಪಗಾಗಿ, ಜ್ವಾಲೆಗೂ ಫೋಮಿಗೂ ನಡುವೆ ರಂಧ್ರಮಯ ಕರಿಗೋಡೆಯಾಗಿ ನಿಲ್ಲುತ್ತದೆ. ಹೊರಗಿನ ಶಾಖ ಒಳಕ್ಕೆ ಬರುವುದು, ಒಳಗಿನ ಉರಿಯುವ ಅನಿಲ ಹೊರಕ್ಕೆ ಹೋಗುವುದು ಎರಡೂ ತಗ್ಗುತ್ತವೆ. ಇಲ್ಲಿ ಸೂಕ್ಷ್ಮವಾದ ಸಂಗತಿ ವೇಳೆ. ಫೋಮ್ 200 ಡಿಗ್ರಿ ದಾಟುತ್ತಿದ್ದಂತೆ ಒಡೆಯಲು ಶುರುವಾಗುತ್ತದೆ. ಲೇಪನ ಅದಕ್ಕೂ ಮೊದಲೇ ಎಚ್ಚೆತ್ತುಕೊಳ್ಳಬೇಕು. ಉಕ್ಕಿನ ಕಂಬಕ್ಕೆಂದು ತಯಾರಾದ ಲೇಪನ ಫೋಮಿಗೂ ಆದೀತು ಎಂದು ನಂಬುವಂತಿಲ್ಲ.

ಬೆಂಕಿ ತಡೆಯುವ ರಾಸಾಯನಿಕವನ್ನು ಫೋಮಿಗೇ ಬೆರೆಸಿದರೆ ಸಾಲದೇ ಎಂದು ಕೇಳಬಹುದು. ಬೆರೆಸುತ್ತಾರೆ, ಅದರಿಂದ ಉಪಯೋಗವೂ ಇದೆ: ಸಣ್ಣ ಕಿಡಿಗೆ ಫೋಮ್ ಬೇಗ ಹೊತ್ತುವುದಿಲ್ಲ. ಆದರೆ ಹೆಚ್ಚು ಬೆರೆಸಿದರೆ ಗುಳ್ಳೆಗಳ ರಚನೆ ಕೆಟ್ಟು ಬಲವೂ ಶಾಖನಿರೋಧವೂ ಕುಗ್ಗುತ್ತವೆ. ಕ್ಲೋರಿನ್ ಇರುವ ಕೆಲವು ದ್ರವಗಳು ಕಾಲಕ್ರಮೇಣ ಹೊರಕ್ಕೆ ಜಿನುಗುತ್ತವೆ ಎಂಬ ಆತಂಕವೂ ಇದೆ. ದೊಡ್ಡ ಬೆಂಕಿಯ ಎದುರು ಬೆರಕೆಯೊಂದೇ ನಿಲ್ಲಲಾರದು. ಲೇಪನವಾದರೆ ಫೋಮಿನ ಒಡಲನ್ನು ಮುಟ್ಟದೆ, ಔಷಧ ಬೇಕಾದ ಜಾಗದಲ್ಲೇ ಇರುತ್ತದೆ.

ಎರಡೂ ಬದಿ ತಗಡು ಇರುವಾಗ ಲೇಪನ ಯಾಕೆ ಎಂಬುದು ಇನ್ನೂ ಬಲವಾದ ಆಕ್ಷೇಪ. ತಗಡು ಜ್ವಾಲೆಯನ್ನು ತಡೆಯುತ್ತದೆ, ಆದರೆ ಶಾಖವನ್ನು ಸಲೀಸಾಗಿ ದಾಟಿಸುತ್ತದೆ. ಅಲ್ಲದೆ ಪ್ಯಾನೆಲ್ ಕತ್ತರಿಸಿದ ಅಂಚು, ಪೈಪು ಮತ್ತು ವೈರು ತೂರಿಸಿದ ತೂತು, ಸಂದಿಗೆ ಪಿಚಕಾರಿಯಿಂದ ತುಂಬಿದ ಫೋಮ್, ಚಾವಣಿಯ ಕೆಳಗೆ ಸಿಂಪಡಿಸಿದ ಪದರ ಇವೆಲ್ಲ ಬೆತ್ತಲೆಯಾಗಿಯೇ ಇರುತ್ತವೆ. ದಕ್ಷಿಣ ಕೊರಿಯಾದ ಇಚಾನ್‌ನಲ್ಲಿ 2008ರ ಜನವರಿಯಲ್ಲಿ ಶೀತಲಗೃಹವೊಂದರ ಬೆಂಕಿ 40 ಜನರನ್ನು ಬಲಿ ತೆಗೆದುಕೊಂಡಿತು. ಅದೇ ಊರಲ್ಲಿ 2020ರ ಏಪ್ರಿಲ್‌ನಲ್ಲಿ, ಕಟ್ಟುತ್ತಿದ್ದ ಗೋದಾಮಿನಲ್ಲಿ ವೆಲ್ಡಿಂಗ್ ಕಿಡಿ ಯುರೆಥೇನ್ ಫೋಮಿಗೆ ಹಾರಿ 38 ಜನ ಸತ್ತರು. ಅಮೆರಿಕದ ಕಟ್ಟಡ ಸಂಹಿತೆ ಸಾಮಾನ್ಯವಾಗಿ ಫೋಮನ್ನು ಒಳಾಂಗಣದಿಂದ ಬೇರ್ಪಡಿಸಲು ಅರ್ಧ ಅಂಗುಲದ ಜಿಪ್ಸಂ ಹಲಗೆಯನ್ನೋ, ಪರೀಕ್ಷೆಯಲ್ಲಿ ಅದಕ್ಕೆ ಸಮನೆನಿಸಿದ ತಡೆಯನ್ನೋ ಕೇಳುತ್ತದೆ. ಅದರಿಂದ ಸಿಗುವುದು ಹದಿನೈದು ನಿಮಿಷ; ಒಳಗಿದ್ದವರು ಹೊರಬರಲು ಬೇಕಾದದ್ದು ಆ ಹದಿನೈದು ನಿಮಿಷವೇ.

ಲೇಪನಕ್ಕೂ ಮಿತಿಗಳಿವೆ. ಅಮೋನಿಯಂ ಪಾಲಿಫಾಸ್ಫೇಟ್ ತೇವಕ್ಕೆ ಸೋಲುತ್ತದೆ. ಶೀತಲಕೋಣೆಯ ಗೋಡೆಯಲ್ಲಿ ನೀರು ಹನಿಯುವುದು ಸಾಮಾನ್ಯ. ಆದ್ದರಿಂದ ಮೇಲೊಂದು ಜಲನಿರೋಧಕ ಪದರ ಬೇಕು, ವರ್ಷಕ್ಕೊಮ್ಮೆ ತಪಾಸಣೆ ಬೇಕು. ಅಗ್ಗದ ಬದಲಿಗಳ ಹುಡುಕಾಟವೂ ನಡೆದಿದೆ. ಮುಂಬಯಿಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಾಳೆದಿಂಡಿನ ರಸ ಹಚ್ಚಿದ ಹತ್ತಿಬಟ್ಟೆ ಉರಿಯಲು ಬೇಕಾಗುವ ಆಮ್ಲಜನಕದ ಪ್ರಮಾಣ ಶೇ 18ರಿಂದ 30ಕ್ಕೆ ಏರಿದ್ದನ್ನು ತೋರಿಸಿದ್ದಾರೆ. ಗೊನೆ ಕಡಿದ ಮೇಲೆ ದಿಂಡನ್ನು ಎಸೆಯುವ ನಮ್ಮ ಸೀಮೆಗೆ ಇದು ಗಮನಿಸಬೇಕಾದ ಸುದ್ದಿ. ಆದರೆ ಆ ಫಲಿತಾಂಶ ಬಟ್ಟೆಯದು. ಫೋಮಿನ ಮೇಲೆ ಪರೀಕ್ಷಿಸದೆ ಅದನ್ನು ರಕ್ಷಣೆ ಎಂದು ಕರೆಯುವುದು ಸಲ್ಲದು.

ಖರ್ಚಿನ ಮಾತಿಗೂ ಉತ್ತರವಿದೆ. ಇಡೀ ಕಟ್ಟಡಕ್ಕೆ ಲೇಪನ ಬಳಿಯಲು ಆಗದಿದ್ದರೆ ಫೋಮ್ ಬಯಲಾಗಿರುವ ಅಂಚು, ಸಂದಿ, ತೂತುಗಳಿಂದ ಶುರು ಮಾಡಬಹುದು. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ತಂಪುಕೋಣೆ ಕಟ್ಟಿಸುವ ರೈತ ಸಂಘಗಳೂ ಉದ್ಯಮಿಗಳೂ ಗುತ್ತಿಗೆದಾರರಲ್ಲಿ ಮೂರು ಸಂಗತಿ ಕೇಳಲಿ: ಈ ಲೇಪನವನ್ನು ಇದೇ ಬಗೆಯ ಫೋಮಿನ ಮೇಲೆ ಪರೀಕ್ಷಿಸಿದ ಪ್ರಮಾಣಪತ್ರ ಇದೆಯೇ, ಎಷ್ಟು ದಪ್ಪ ಬಳಿಯಬೇಕು, ತೇವದಲ್ಲಿ ಎಷ್ಟು ವರ್ಷ ಬಾಳುತ್ತದೆ. ಬೆತ್ತಲೆ ಫೋಮಿನ ಹತ್ತಿರ ವೆಲ್ಡಿಂಗ್ ಮಾಡಲು ಯಾರಿಗೂ ಬಿಡಬೇಡಿ.