ದ್ವೀಪದ ಖಾತೆ ಯಾರ ಹೆಸರಿನಲ್ಲಿ?

ಮಕ್ಕಳೇ, ಮನೆಯಲ್ಲಿ ಕರ್ನಾಟಕದ ಭೂಪಟ ಇದ್ದರೆ ಒಮ್ಮೆ ಹರಡಿಕೊಳ್ಳಿ. ಎಡಗಡೆಯ ಕರಾವಳಿಯ ಮೇಲೆ ಬೆರಳಿಟ್ಟು ಮಂಗಳೂರು, ಉಡುಪಿ, ಭಟ್ಕಳ, ಕುಮಟಾ, ಅಂಕೋಲಾ ಎಂದು ಮೇಲಕ್ಕೆ ಹೋದರೆ ಕೊನೆಗೆ ಕಾರವಾರ. ಅದರ ಪಕ್ಕದಲ್ಲೇ ದಕ್ಷಿಣಕ್ಕೆ ಬಿಣಗಾ. ಆ ದಡದಿಂದ ಸುಮಾರು ಎರಡು ಕಿಲೋಮೀಟರ್ ಆಚೆ, ಸಮುದ್ರದಲ್ಲಿ ಮಲಗಿದ ಮೊಸಳೆಯ ಬೆನ್ನಿನ ಹಾಗೆ ಒಂದು ನಡುಗಡ್ಡೆ ಇದೆ. ಉದ್ದ ಒಂದೂವರೆ ಕಿಲೋಮೀಟರ್. ಹೆಸರು ಅಂಜದೀವ, ಅಂಜದ್ವೀಪ ಎಂದು ಬರೆಯುವವರೂ ಇದ್ದಾರೆ. ನಮ್ಮ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್‌ಗೂ ಬನಶಂಕರಿ ಗುಡಿಗೂ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟೇ ದೂರ. ಆದರೂ ಈ ನಡುಗಡ್ಡೆ ಕರ್ನಾಟಕಕ್ಕೆ ಸೇರಿಲ್ಲ. ಕಾಗದಪತ್ರದಲ್ಲಿ ಅದು ಗೋವಾ ರಾಜ್ಯದ ಕಾಣಕೋಣ ತಾಲ್ಲೂಕಿನದು.

ಇದನ್ನು ಹೇಳಿದಾಗ ನನ್ನ ಮೊಮ್ಮಗ, ಆರನೇ ಕ್ಲಾಸಿನವನು, ‘ಹತ್ತಿರ ಇರೋರಿಗೆ ತಾನೇ ಸೇರಬೇಕು ತಾತ?’ ಎಂದು ಕೇಳಿದ. ದೊಡ್ಡ ದೊಡ್ಡ ದೇಶಗಳು ದೊಡ್ಡ ದೊಡ್ಡ ವಕೀಲರನ್ನಿಟ್ಟು ಕೇಳಿದ ಪ್ರಶ್ನೆಯೂ ಇದೇ.

ಅಂಜದೀವದ ಕಥೆ ಉದ್ದದ್ದು. ಅಂಕೋಲೆಯ ಆರ್ಯಾದುರ್ಗಾ ದೇವಿಯ ಮೂರ್ತಿ ಮೊದಲು ಈ ನಡುಗಡ್ಡೆಯಲ್ಲಿತ್ತು ಎಂದು ಅಲ್ಲಿಯ ಜನ ಹೇಳುತ್ತಾರೆ. 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುತ್ತಿದ್ದ ವಾಸ್ಕೋ ಡ ಗಾಮ ಇಲ್ಲಿ ಲಂಗರು ಹಾಕಿ ಹಡಗುಗಳ ತಳ ರಿಪೇರಿ ಮಾಡಿಸಿ, ಸಿಹಿನೀರು ತುಂಬಿಸಿಕೊಂಡ. ಏಳು ವರ್ಷದ ನಂತರ, 1505ರಲ್ಲಿ, ಪೋರ್ಚುಗೀಸರ ಮೊದಲ ವೈಸ್‌ರಾಯ್ ಅಲ್ಮೇಡ ಬಂದು ಕೋಟೆ ಕಟ್ಟಲು ಶುರುಮಾಡಿದ. ಮರುವರ್ಷವೇ ಅದನ್ನು ಕೆಡವಿ ಹೋದರು. ಕಾವಲು ಕಾಯುವ ಖರ್ಚಿಗೆ ಹೋಲಿಸಿದರೆ ಲಾಭ ಕಡಿಮೆ ಎಂದು ಕಂಡಿರಬೇಕು.

ಇನ್ನು ಮುಂದಿನದು ನಮ್ಮಂಥ ಗುಮಾಸ್ತರಿಗೆ ಪಾಠದಂತಿದೆ. ಇಂಗ್ಲೆಂಡಿನ ಅರಸ ಎರಡನೇ ಚಾರ್ಲ್ಸ್ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರಿನ್‌ಳನ್ನು ಮದುವೆಯಾದಾಗ ಮುಂಬೈ ದ್ವೀಪ ಬಳುವಳಿಯಾಗಿ ಬಂತು. ಅದನ್ನು ವಶಕ್ಕೆ ತೆಗೆದುಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಸುಮಾರು ನಾನೂರು ಸೈನಿಕರೊಂದಿಗೆ 1662ರಲ್ಲಿ ಬಂದ. ಇಲ್ಲಿದ್ದ ಪೋರ್ಚುಗೀಸ್ ಅಧಿಕಾರಿ ಪತ್ರಗಳನ್ನು ನೋಡಿ, ‘ಅಧಿಕಾರಪತ್ರ ಸರಿಯಾದ ನಮೂನೆಯಲ್ಲಿಲ್ಲ’ ಎಂದು ಮುಂಬೈ ಕೊಡಲು ಒಪ್ಪಲಿಲ್ಲ. ಲಂಡನ್ನಿಂದ ಹೊಸ ಪತ್ರ ಬರಬೇಕು. ಹಡಗು ಹೋಗಿಬರಲು ವರ್ಷದ ಮೇಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಆ ಸೈನಿಕರು ತಂಗಿದ್ದು ಇದೇ ಅಂಜದೀವದಲ್ಲಿ. ಮಳೆ, ಜ್ವರ, ಸರಿಯಾದ ಆಹಾರವಿಲ್ಲ. 1664ರಲ್ಲಿ ಶಿಪ್‌ಮನ್ ಅಲ್ಲೇ ಸತ್ತ. 1665ರ ಫೆಬ್ರವರಿಯಲ್ಲಿ ಅವನ ಕಾರ್ಯದರ್ಶಿ ಹಂಫ್ರಿ ಕುಕ್ ಮುಂಬೈಯನ್ನು ವಶಕ್ಕೆ ಪಡೆದಾಗ ಉಳಿದಿದ್ದ ಸೈನಿಕರು ನೂರರ ಆಸುಪಾಸು. ಒಂದು ಪತ್ರದ ನಮೂನೆ ಸರಿಯಿಲ್ಲವೆಂದು ಮುನ್ನೂರು ಜನ! ಸಾಲದ ಅರ್ಜಿ ‘ಸಹಿ ಹೊಂದುತ್ತಿಲ್ಲ’ ಎಂದು ವಾಪಸ್ಸಾದಾಗ ನನ್ನ ಮೇಲೆ ಕೂಗಾಡಿದ ಗ್ರಾಹಕರಿಗೆ ಈ ಕಥೆ ಹೇಳಬೇಕಿತ್ತು.

1682ರಲ್ಲಿ ಪೋರ್ಚುಗೀಸರು ಮತ್ತೆ ಬಂದು ಗಟ್ಟಿಯಾಗಿ ಕೋಟೆ ಕಟ್ಟಿದರು. ಅಲ್ಲಿಂದ ಸುಮಾರು 280 ವರ್ಷ ಅವರ ಬಾವುಟವೇ ಹಾರಿತು. ಎದುರಿನ ಕಾರವಾರ ಕೈಯಿಂದ ಕೈಗೆ ಹೋಯಿತು. ಸೋಂದೆಯ ಅರಸರು, ಹೈದರಾಲಿ, ಟಿಪ್ಪು, ಬ್ರಿಟಿಷರು, ಕೊನೆಗೆ ಸ್ವತಂತ್ರ ಭಾರತ ಎಂದು ದಡದ ಒಡೆಯರು ಬದಲಾಗುತ್ತಲೇ ಇದ್ದರು. ಅಂಜದೀವ ಮಾತ್ರ ಬದಲಾಗಲಿಲ್ಲ. 1947 ಬಂದು ಹೋದರೂ ಅಲ್ಲಿ ಪೋರ್ಚುಗೀಸ್ ಸೈನಿಕರೇ ಇದ್ದರು.

1961ರ ನವೆಂಬರಿನಲ್ಲಿ ಆ ನಡುಗಡ್ಡೆಯಿಂದ ಗುಂಡು ಹಾರಿತು. ಹಾದುಹೋಗುತ್ತಿದ್ದ ‘ಸಾಬರಮತಿ’ ಎಂಬ ಹಡಗಿಗೆ ಹೊಡೆದರು. ಮೀನು ಹಿಡಿಯಲು ಹೋದ ದೋಣಿಯ ಮೇಲೂ ಹೊಡೆದರು. ಒಬ್ಬ ಮೀನುಗಾರ ಪ್ರಾಣ ಕಳೆದುಕೊಂಡ. ಎಪ್ಪತ್ತರ ದಶಕದಲ್ಲಿ ನಾನು ಮೂರು ವರ್ಷ ಕಾರವಾರದ ಶಾಖೆಯಲ್ಲಿದ್ದೆ. ಕೌಂಟರಿಗೆ ಬರುತ್ತಿದ್ದ ವಯಸ್ಸಾದ ಮೀನುಗಾರರು ಆ ಗುಂಡಿನ ಸದ್ದನ್ನು ಹೋದ ತಿಂಗಳು ಕೇಳಿದವರಂತೆ ವರ್ಣಿಸುತ್ತಿದ್ದರು.

ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆ ಆರಂಭವಾದಾಗ ಅಂಜದೀವವನ್ನು ಹಿಡಿಯುವ ಕೆಲಸ ನೌಕಾಪಡೆಗೆ ಬಂತು. ಹೋದ ಹಡಗುಗಳು ಎರಡು: ‘ತ್ರಿಶೂಲ್’ ಮತ್ತು ‘ಮೈಸೂರು’. ಹೌದು, ನಮ್ಮ ಮೈಸೂರೇ. ಬ್ರಿಟಿಷರಿಂದ ಕೊಂಡ ಹಳೆಯ ಯುದ್ಧನೌಕೆಗೆ 1957ರಲ್ಲಿ ಇಟ್ಟ ಹೆಸರು ಅದು. ನಾವಿಕರ ಮೊದಲ ತಂಡ ದೋಣಿಯಲ್ಲಿ ದಡ ಸೇರಿತು. ನಡುಗಡ್ಡೆಯ ಮೇಲೆ ಬಿಳಿ ಬಾವುಟ ಕಂಡಿತ್ತು, ಆದರೂ ಮುಂದೆ ಬಂದ ದೋಣಿಗಳ ಮೇಲೆ ಗುಂಡಿನ ಮಳೆ ಬಿತ್ತು ಎನ್ನುತ್ತದೆ ನಮ್ಮ ನೌಕಾಪಡೆಯ ವಿವರಣೆ. ಏಳು ಜನ ಭಾರತೀಯ ನಾವಿಕರು ಅಲ್ಲಿ ಮಡಿದರು. ಅವರ ಸ್ಮಾರಕ ಆ ನಡುಗಡ್ಡೆಯ ಮೇಲೇ ಇದೆ. ಗೋವಾ ವಿಮೋಚನೆ ಎಂದರೆ ಪಣಜಿ, ದೀವ್, ದಮನ್ ಎಂದು ಹೇಳುವವರು ಈ ಏಳು ಜನರನ್ನು ಮರೆತೇಬಿಡುತ್ತಾರೆ. ನನಗೆ ಇದು ಸರಿಕಾಣುವುದಿಲ್ಲ.

ಕೋಟೆ ಸಿಕ್ಕಿತು, ಬಾವುಟ ಬದಲಾಯಿತು. ಆದರೆ ಕಾಗದ? ಪೋರ್ಚುಗಲ್ ಒಪ್ಪಲಿಲ್ಲ. ಅಲ್ಲಿ ಸರ್ವಾಧಿಕಾರ ಬಿದ್ದುಹೋದ ಮೇಲೆ, 1974ರ ಡಿಸೆಂಬರ್ 31ರಂದು, ಗೋವಾ ಮೊದಲಾದ ಪ್ರದೇಶಗಳು ಭಾರತದ್ದೇ ಎಂದು ಒಪ್ಪಂದಕ್ಕೆ ಸಹಿಯಾಯಿತು. ಸ್ವಾಧೀನ 1961ರಲ್ಲಿ, ‘ಕ್ರಯಪತ್ರ’ ಹದಿಮೂರು ವರ್ಷ ತಡವಾಗಿ! ಗೋವಾದ ಆಸ್ತಿಯೊಳಗೆ ಸೇರಿ ಬಂದ ಅಂಜದೀವ ಗೋವಾದಲ್ಲೇ ಉಳಿಯಿತು.

ಮೊಮ್ಮಗನ ಪ್ರಶ್ನೆಗೆ ಈಗ ಬರೋಣ. ಬ್ಯಾಂಕಿನಲ್ಲಿ ಮನೆಸಾಲದ ವಿಭಾಗದಲ್ಲಿ ನಾನು ಬಹಳ ವರ್ಷ ಕೂತಿದ್ದೆ. ಜೆ.ಪಿ. ನಗರದ ಸೈಟು, ಬಿ.ಟಿ.ಎಂ. ಲೇಔಟಿನ ಮನೆ ಎಂದು ಫೈಲುಗಳು ಬರುತ್ತಿದ್ದವು. ‘ಪಕ್ಕದ ಖಾಲಿ ಜಾಗ ನಮ್ಮ ಗೋಡೆಗೆ ತಾಗಿಕೊಂಡಿದೆ, ಆದ್ದರಿಂದ ನಮ್ಮದು’ ಎಂದರೆ ಯಾರಾದರೂ ಸಾಲ ಕೊಡುತ್ತಾರೆಯೇ? ಕ್ರಯಪತ್ರ ಎಲ್ಲಿ, ಖಾತೆ ಯಾರ ಹೆಸರಿನಲ್ಲಿದೆ, ಕಂದಾಯದ ರಶೀದಿ ಯಾರು ಇಟ್ಟುಕೊಂಡಿದ್ದಾರೆ, ಇಷ್ಟು ವರ್ಷ ಯಾರ ಅನುಭೋಗದಲ್ಲಿತ್ತು ಎಂದು ಕೇಳುತ್ತೇವೆ. ದೇಶಗಳ ನಡುವಿನ ನ್ಯಾಯವೂ ಹೆಚ್ಚುಕಡಿಮೆ ಇದೇ ದಾರಿಯದು. ಪಾಲ್ಮಾಸ್ ಎಂಬ ಪುಟ್ಟ ದ್ವೀಪಕ್ಕಾಗಿ ಅಮೆರಿಕಕ್ಕೂ ನೆದರ್ಲೆಂಡ್ಸಿಗೂ ಜಗಳ ಬಂದಾಗ 1928ರಲ್ಲಿ ಮ್ಯಾಕ್ಸ್ ಹ್ಯೂಬರ್ ಎಂಬ ನ್ಯಾಯಾಧೀಶರು ತೀರ್ಪು ಕೊಟ್ಟರು. ಮೊದಲು ಕಂಡುಹಿಡಿದರೆ ಸಾಲದು, ಹತ್ತಿರವಿದ್ದರೂ ಸಾಲದು. ತಕರಾರಿಲ್ಲದೆ ಬಹುಕಾಲ ಅಲ್ಲಿ ಆಡಳಿತ ನಡೆಸಿದವರು ಯಾರು ಎಂದು ಅವರು ನೋಡಿದರು. ದ್ವೀಪ ಡಚ್ಚರಿಗೆ ಹೋಯಿತು. ಈಗ ಅದು ಇಂಡೋನೇಷ್ಯಾದ್ದು.

ಕಾಗದದ ಬೆಲೆ ತಿಳಿಯಬೇಕಾದರೆ ಸಿಂಗಪುರದ ಬಳಿಯ ಪೆಡ್ರಾ ಬ್ರಾಂಕಾ ನೋಡಬೇಕು. ಪೋರ್ಚುಗೀಸ್ ಭಾಷೆಯಲ್ಲಿ ಬಿಳಿ ಬಂಡೆ ಎಂದರ್ಥ. ಬಿಳುಪು ಎಲ್ಲಿಂದ ಬಂತು ಗೊತ್ತೇ ಮಕ್ಕಳೇ? ಹಕ್ಕಿಗಳ ಹಿಕ್ಕೆಯಿಂದ! ಫುಟ್‌ಬಾಲ್ ಮೈದಾನದಷ್ಟಿರುವ ಆ ಬಂಡೆಯ ಮೇಲೆ ಬ್ರಿಟಿಷರು 1851ರಲ್ಲಿ ದೀಪಸ್ತಂಭ ಕಟ್ಟಿದರು. ಮುಂದೆ ಮಲೇಷ್ಯಾ ‘ಅದು ನಮ್ಮ ಜೋಹೋರ್ ಸುಲ್ತಾನರದು’ ಎಂದಿತು. ಆದರೆ 1953ರಲ್ಲಿ ಜೋಹೋರಿನ ಅಧಿಕಾರಿಯೊಬ್ಬರು ‘ಅದರ ಒಡೆತನವನ್ನು ನಾವು ಕೇಳುವುದಿಲ್ಲ’ ಎಂದು ಸಿಂಗಪುರಕ್ಕೆ ಪತ್ರ ಬರೆದಿದ್ದರು. 55 ವರ್ಷದ ನಂತರ, 2008ರಲ್ಲಿ, ಅಂತರರಾಷ್ಟ್ರೀಯ ನ್ಯಾಯಾಲಯ ಬಂಡೆಯನ್ನು ಸಿಂಗಪುರಕ್ಕೆ ಕೊಟ್ಟಾಗ ಆ ಪತ್ರಕ್ಕೆ ದೊಡ್ಡ ತೂಕ ಸಿಕ್ಕಿತು. ಹಳೆಯ ಫೈಲುಗಳನ್ನು ರದ್ದಿಗೆ ಹಾಕುವವರು ಇದನ್ನು ಓದಬೇಕು.

ಕರ್ನಾಟಕಕ್ಕೂ ಒಂದು ಕಾಲದಲ್ಲಿ ದೂರದ ದ್ವೀಪಗಳ ನಂಟಿತ್ತು ಎಂದರೆ ಅನೇಕ ಹಿರಿಯರೇ ನಂಬುವುದಿಲ್ಲ. ಲಕ್ಷದ್ವೀಪದ ಉತ್ತರ ಭಾಗದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ ದ್ವೀಪಗಳಿಗೆ ಅಮಿನ್‌ದೀವಿ ಎಂದು ಹೆಸರು. ಕಣ್ಣೂರಿನ ಅರಕ್ಕಲ್ ಬೀಬಿಯ ಕೈಯಲ್ಲಿದ್ದ ಇವು ಜನ ಅಲ್ಲಿಯ ಆಡಳಿತಕ್ಕೆ ಬೇಸತ್ತ ಮೇಲೆ 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿ ಸರ್ಕಾರಕ್ಕೆ ಹೋದವು. ಆಮೇಲೆ ಇವನ್ನು ಆಳಿದ್ದು ಮಂಗಳೂರಿನಲ್ಲಿ ಕೂತ ದಕ್ಷಿಣ ಕನ್ನಡದ ಕಲೆಕ್ಟರ್. ದ್ವೀಪದವರು ತೆಂಗಿನ ನಾರು ತರಬೇಕು, ಸರ್ಕಾರ ನಿಗದಿ ಮಾಡಿದ ದರಕ್ಕೆ ಕೊಡಬೇಕು, ಬದಲಿಗೆ ಅಕ್ಕಿ ಒಯ್ಯಬೇಕು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ಅದರ ಅಳಲು ಈಗಲೂ ಆರಿಲ್ಲ. ಅದೇ ದಿನ ಈ ಐದು ದ್ವೀಪಗಳು ದೆಹಲಿಯ ನೇರ ಆಡಳಿತಕ್ಕೆ ಹೋದವು. ಅದಕ್ಕಾಗಿ ಯಾರೂ ಕಣ್ಣೀರು ಹಾಕಿದಂತಿಲ್ಲ.

ಇಷ್ಟು ಪುಟ್ಟ ನೆಲಕ್ಕೆ ಇಷ್ಟೊಂದು ಜಗಳ ಏಕೆ? ನೆಲಕ್ಕಿಂತ ಅದರ ಸುತ್ತಲಿನ ನೀರೇ ಮುಖ್ಯ. 1982ರ ಸಮುದ್ರ ಕಾನೂನಿನ ಒಪ್ಪಂದದ ಪ್ರಕಾರ ಜನ ಬದುಕಬಲ್ಲ ದ್ವೀಪದ ಸುತ್ತ 200 ನಾಟಿಕಲ್ ಮೈಲಿ, ಎಂದರೆ ಸುಮಾರು 370 ಕಿಲೋಮೀಟರಿನವರೆಗೆ ಮೀನು, ತೈಲ, ಖನಿಜ ಎಲ್ಲದರ ಹಕ್ಕು ಆ ದೇಶದ್ದು. ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಹಾಕಿ: ತ್ರಿಜ್ಯ 370 ಇರುವ ವೃತ್ತದ ವಿಸ್ತೀರ್ಣ ಎಷ್ಟು? ನಾಲ್ಕು ಲಕ್ಷ ಚದರ ಕಿಲೋಮೀಟರ್ ದಾಟುತ್ತದೆ. ಇಡೀ ಕರ್ನಾಟಕ ಎರಡು ಲಕ್ಷವೂ ಇಲ್ಲ. ಲಕ್ಷದ್ವೀಪದ ನೆಲವೆಲ್ಲ ಕೂಡಿಸಿದರೆ 32 ಚದರ ಕಿಲೋಮೀಟರ್, ಅದರಿಂದ ನಮಗೆ ಸಿಕ್ಕ ಸಮುದ್ರ ಸುಮಾರು ನಾಲ್ಕು ಲಕ್ಷ. ಇಂಥ ಬಡ್ಡಿ ಯಾವ ಬ್ಯಾಂಕೂ ಕೊಡುವುದಿಲ್ಲ.

ಈ ಲೆಕ್ಕದಲ್ಲಿ ಪೆಟ್ಟು ತಿನ್ನುವವರು ಮೀನುಗಾರರು. ರಾಮೇಶ್ವರದ ಆಚೆ ಕಚ್ಚತೀವು ಎಂಬ 285 ಎಕರೆಯ ದ್ವೀಪವಿದೆ. ಕುಡಿಯಲು ಸಿಹಿನೀರಿಲ್ಲ, ಜನವಸತಿ ಇಲ್ಲ. ಸಂತ ಅಂತೋಣಿಯವರ ಇಗರ್ಜಿ ಒಂದಿದೆ, ವರ್ಷಕ್ಕೊಮ್ಮೆ ಎರಡೂ ದಡದವರು ಹಬ್ಬಕ್ಕೆ ಸೇರುತ್ತಾರೆ. ರಾಮನಾಡಿನ ಜಮೀನ್ದಾರರದ್ದೆಂದು ಈ ಕಡೆಯವರು, ತಮ್ಮದೆಂದು ಆ ಕಡೆಯವರು 1921ರಿಂದಲೂ ಮಾತಾಡಿದ್ದರು. 1974ರಲ್ಲಿ ಇಂದಿರಾ ಗಾಂಧಿ ಮತ್ತು ಸಿರಿಮಾವೊ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದದಲ್ಲಿ ಅದು ಶ್ರೀಲಂಕಾದ ಕಡೆಗೆ ಬಿತ್ತು. 1976ರ ಇನ್ನೊಂದು ಒಪ್ಪಂದದಲ್ಲಿ ಕನ್ಯಾಕುಮಾರಿ ಬಳಿಯ ವಾಡ್ಜ್ ಬ್ಯಾಂಕ್ ನಮ್ಮದಾಯಿತು. ಈ ಹೆಸರು ನೋಡಿ ನಾನು ಮೊದಲು ನಮ್ಮ ಪೈಕಿಯೇ ಇರಬೇಕು ಎಂದುಕೊಂಡೆ. ಅದು ಮೀನು ಹೇರಳವಾಗಿ ಸಿಗುವ ಸಮುದ್ರದಡಿಯ ದಿಬ್ಬ. ಎರಡು ರಾಜಧಾನಿಗಳ ಲೆಕ್ಕದಲ್ಲಿ ಇದು ಸರಿದೂಗಿರಬಹುದು. ಆದರೆ ಕಚ್ಚತೀವು ಸುತ್ತ ಬಲೆ ಬೀಸುತ್ತಿದ್ದ ರಾಮೇಶ್ವರದವನಿಗೆ ಕನ್ಯಾಕುಮಾರಿಯ ಮೀನಿನಿಂದ ಏನು ಬಂತು? ಗೆರೆ ದಾಟಿದರೆಂದು ದೋಣಿ ಜಪ್ತಿ, ಜೈಲು ಇಂದಿಗೂ ತಪ್ಪಿಲ್ಲ. ಆಚೆ ದಡದ ತಮಿಳು ಮೀನುಗಾರರಿಗೂ ಅವರ ಸಂಕಟವಿದೆ: ನಮ್ಮ ಕಡೆಯ ದೊಡ್ಡ ಟ್ರಾಲರುಗಳು ತಳವನ್ನೇ ಬಳಿದುಕೊಂಡು ಹೋಗುತ್ತವೆ ಎಂದು. ಇಬ್ಬರನ್ನೂ ಕೂರಿಸಿಕೊಂಡು ಕೇಳಿಯೇ ಗೆರೆ ಎಳೆಯಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಒಂದು ಜಗಳವನ್ನು ಸಮುದ್ರವೇ ತೀರಿಸಿತು. 1970ರ ಭಾರೀ ಚಂಡಮಾರುತದ ನಂತರ ಬಂಗಾಳ ಕೊಲ್ಲಿಯಲ್ಲಿ ಒಂದು ಮರಳು ದಿಬ್ಬ ಎದ್ದಿತು. ನಾವು ನ್ಯೂ ಮೂರ್ ಎಂದೆವು, ಬಾಂಗ್ಲಾದೇಶದವರು ದಕ್ಷಿಣ ತಾಲ್‌ಪಟ್ಟಿ ಎಂದರು. 1981ರಲ್ಲಿ ಹಡಗುಗಳು ಹೋಗಿ ಬಿಗುವೂ ಆಯಿತು. 2010ರ ಹೊತ್ತಿಗೆ ಅದು ಪೂರ್ತಿ ಮುಳುಗಿದೆ ಎಂದು ಜಾದವ್‌ಪುರ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹೇಳಿದರು.

ಅಂಜದೀವ ಮುಳುಗಿಲ್ಲ. 2005ರಲ್ಲಿ ಕಾರವಾರದಲ್ಲಿ ‘ಕದಂಬ’ ನೌಕಾನೆಲೆ ಶುರುವಾಯಿತು. ಅದಕ್ಕಾಗಿ ಕಾರವಾರ, ಅಂಕೋಲಾ ಕಡೆಯ ಸಾವಿರಾರು ಕುಟುಂಬಗಳು ಮನೆ, ಗದ್ದೆ ಬಿಟ್ಟು ಎದ್ದವು. ನಡುಗಡ್ಡೆಯಲ್ಲಿ ಪೋರ್ಚುಗೀಸರ ಕಾಲದ ಇಗರ್ಜಿಯೊಂದಿದೆ; ಹಬ್ಬಕ್ಕೆ ದೋಣಿಯಲ್ಲಿ ಬರುತ್ತಿದ್ದ ಗೋವಾದ ಭಕ್ತರನ್ನು ಭದ್ರತೆಯ ಕಾರಣಕ್ಕೆ ತಡೆದಾಗ ಅಲ್ಲಿ ಬಹಳ ಅಸಮಾಧಾನವಾಯಿತು. ನಾವು ನೀವೂ ಅಲ್ಲಿಗೆ ಹೋಗುವಂತಿಲ್ಲ. ರಜೆಯಲ್ಲಿ ಮಕ್ಕಳನ್ನು ಕಾರವಾರಕ್ಕೆ ಕರೆದುಕೊಂಡು ಹೋದರೆ ಟಾಗೋರ್ ಕಡಲತೀರದಲ್ಲಿ ‘ಚಾಪಲ್’ ಯುದ್ಧನೌಕೆಯ ವಸ್ತುಸಂಗ್ರಹಾಲಯ ತೋರಿಸಿ. ನೌಕಾನೆಲೆಗಾಗಿ ಕಟ್ಟಿದ ಅಲೆತಡೆ ಗೋಡೆ ಅಂಜದೀವವನ್ನು ಈಗ ಕಾರವಾರದ ದಡಕ್ಕೆ ಸೇರಿಸಿಬಿಟ್ಟಿದೆ. ಖಾತೆ ಮಾತ್ರ ಇನ್ನೂ ಕಾಣಕೋಣದಲ್ಲೇ ಇದೆ.